ಬೇಳೆ ಬೇಯುವ ನೆಲ



ಈ ಬರಹವನ್ನು ಮುಂದೆ ಓದುವ ಮೊದಲು ಒಂದು ಚಿಕ್ಕ ಪ್ರಯೋಗ ಮಾಡಿ. ನಿಮ್ಮ ಮನೆಯ ನೆಲಕ್ಕೋ ಅಂಗಳಕ್ಕೋ ಶಹಾಬಾದ್ ಕಲ್ಲು ಹಾಸಿದ್ದರೆ, ಮನೆಯವರ ಅಪ್ಪಣೆ ಪಡೆದು, ಅದರ ಒಂದು ಮೂಲೆಯಲ್ಲಿ ಅರ್ಧ ನಿಂಬೆಹಣ್ಣನ್ನು ಕವುಚಿ ಇಡಿ. ಕಾಲು ಗಂಟೆ ಬಿಟ್ಟು ತೆಗೆದು ನೋಡಿದರೆ ಅಲ್ಲಿ ಮಂಕಾದ ಒಂದು ವೃತ್ತ ಕಾಣುತ್ತದೆ. ಎಷ್ಟು ಉಜ್ಜಿ ತೊಳೆದರೂ ಅದು ಹೋಗುವುದಿಲ್ಲ. ಏಕೆಂದರೆ ಅದು ಕಲೆಯಲ್ಲ, ಗಾಯ. ನಿಂಬೆಯ ಆಮ್ಲ ಕಲ್ಲನ್ನು ತಿಂದಿದೆ. ಅದೇ ಕಲ್ಲಿನ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಇಂಗಾಲದ ಡೈಆಕ್ಸೈಡ್. ನೀವು ತುಳಿದು ಓಡಾಡುವ ಆ ನುಣುಪು ಚಪ್ಪಡಿ ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್.

ಈ ಕಲ್ಲು ಹುಟ್ಟಿದ ನೆಲದಲ್ಲೇ ನಿಮ್ಮ ಮನೆಯ ಸಾರಿನ ಬೇಳೆಯೂ ಹುಟ್ಟಿರುವ ಸಂಭವ ಬಹಳ ಇದೆ. ಇವೆರಡಕ್ಕೂ ಏನು ಸಂಬಂಧ? ನೆಲದ ಗುಣ ನಾಲಿಗೆಯವರೆಗೆ ಬರುತ್ತದೆಯೇ? ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಹೆಚ್ಚು ಚರ್ಚಿಸಿದವರು ತೊಗರಿ ಬೆಳೆದವರಲ್ಲ, ದ್ರಾಕ್ಷಿ ಬೆಳೆದವರು. ಆದ್ದರಿಂದ ಮೊದಲು ಸ್ವಲ್ಪ ದೂರ ಹೋಗಿಬರೋಣ.

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದಲ್ಲಿ 1098ರಲ್ಲಿ ಸಿತೋ ಎಂಬಲ್ಲಿ ಒಂದು ಕ್ರೈಸ್ತ ಮಠ ಸ್ಥಾಪನೆಯಾಯಿತು. ಅಲ್ಲಿಯ ಸನ್ಯಾಸಿಗಳು ವೂಜೋ ಎಂಬ ಊರಿನ ಇಳಿಜಾರಿನಲ್ಲಿ ದ್ರಾಕ್ಷಿ ತೋಟ ಮಾಡಿದರು. ಮುಂದಿನ ಎರಡು ಶತಮಾನಗಳಲ್ಲಿ ತುಂಡುತುಂಡಾಗಿ ಭೂಮಿ ಸೇರಿಸುತ್ತ ಹೋಗಿ, ಕೊನೆಗೆ ಸುಮಾರು 50 ಹೆಕ್ಟೇರ್ ತೋಟಕ್ಕೆ ಸುತ್ತಲೂ ಕಲ್ಲಿನ ಗೋಡೆ ಕಟ್ಟಿದರು. ಆ ಗೋಡೆ ಇಂದಿಗೂ ಇದೆ. ಗೋಡೆಯೊಳಗೆ ಎಲ್ಲ ಕಡೆ ಒಂದೇ ಜಾತಿಯ ಬಳ್ಳಿ, ಮೇಲೆ ಬೀಳುವುದು ಒಂದೇ ಮಳೆ. ಆದರೂ ಇಳಿಜಾರಿನ ಮೇಲ್ಭಾಗದ ಹಣ್ಣಿನ ರಸಕ್ಕೂ ರಸ್ತೆಯ ಪಕ್ಕದ ಕೆಳಭಾಗದ ರಸಕ್ಕೂ ವ್ಯತ್ಯಾಸವಿದೆ ಎಂಬುದನ್ನು ಜನ ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಮೇಲೆ ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣು, ನೀರು ನಿಲ್ಲುವುದಿಲ್ಲ. ಕೆಳಗೆ ಮಂದವಾದ ಜೇಡಿ, ಮಳೆ ಬಂದರೆ ಬೇರು ನೀರಿನಲ್ಲಿ ಕೂರುತ್ತದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠದ ಆಸ್ತಿ ಮುಟ್ಟುಗೋಲಾಯಿತು. ಈಗ ಆ ಒಂದೇ ತೋಟಕ್ಕೆ ಸುಮಾರು 80 ಮಂದಿ ಒಡೆಯರು, ಪಟ್ಟಿ ಎಲ್ಲಿದೆ ಎಂಬುದರ ಮೇಲೆ ಬೆಲೆ. ನೆಲ, ಇಳಿಜಾರು, ಹವೆ, ಬೇಸಾಯದ ಪದ್ಧತಿ ಎಲ್ಲ ಸೇರಿ ಬೆಳೆಗೆ ಕೊಡುವ ಗುಣಕ್ಕೆ ಫ್ರೆಂಚರು ‘ತೆರುವಾರ್’ ಎಂದು ಹೆಸರಿಟ್ಟಿದ್ದಾರೆ. 2015ರಲ್ಲಿ ಯುನೆಸ್ಕೋ ಬರ್ಗಂಡಿಯ ಈ ತೋಟದ ಪಟ್ಟಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವೈನಿನ ವಿಷಯವನ್ನು ವಿದ್ಯಾರ್ಥಿಗಳಿಗೆ ಏಕೆ ಹೇಳುತ್ತಾರೆ ಎಂದು ನಿಮ್ಮ ಮೇಷ್ಟ್ರು ಹುಬ್ಬೇರಿಸಬಹುದು. ನನಗೆ ಬೇಕಾಗಿರುವುದು ಆ ಗೋಡೆಯೊಳಗಿನ ಇಳಿಜಾರು ಮಾತ್ರ. ಅಂಥ ಇಳಿಜಾರು ನಮ್ಮಲ್ಲೂ ಇದೆ. ಅದಕ್ಕೆ ಗೋಡೆಯಿಲ್ಲ, ಅಷ್ಟೆ.

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕೋಡ್ಲಾ ಎಂಬ ಊರಿನ ಹೊಲಗಳಿಗೆ ನಾವು ಚಿತ್ರೀಕರಣಕ್ಕೆ ಹೋಗಿದ್ದು ಒಂದು ಮಳೆ ನಿಂತ ಮರುದಿನ. ಕ್ಯಾಮೆರಾದ ಮುಕ್ಕಾಲಿಯನ್ನು ಹೊಲದಲ್ಲಿ ಊರಿದೆವು. ಹತ್ತು ನಿಮಿಷದಲ್ಲಿ ಅದರ ಒಂದು ಕಾಲು ಗೇಣುದ್ದ ಇಳಿದು, ಪರದೆಯ ಮೇಲೆ ಇಡೀ ದಿಗಂತವೇ ವಾಲಿಕೊಂಡಿತು. ನಮ್ಮ ಚಪ್ಪಲಿಗಳು ಒಂದೊಂದು ಸೇರು ಮಣ್ಣು ಹೊತ್ತಿದ್ದವು. ಹೊಲದ ಹಿರಿಯರು ನಗುತ್ತ, “ಎರಿ ಭೂಮಿ ರೀ ಇದು, ಹಿಡಿದ್ರ ಬಿಡಂಗಿಲ್ಲ. ಆ ಮಡ್ಡಿ ಮ್ಯಾಲ ಹೋಗ್ರಿ, ಅಲ್ಲಿ ಕಲ್ಲದ” ಎಂದರು. ನೂರು ಹೆಜ್ಜೆ ಏರಿದ್ದೇ ತಡ, ಮಣ್ಣು ಅಂಗೈಯಷ್ಟು ತೆಳುವಾಯಿತು. ಅದರಡಿಯಲ್ಲಿ ಫರಶಿ ಕಲ್ಲಿನ ಬಿಳಿಬೂದು ಪದರಗಳು ಪುಸ್ತಕದ ಹಾಳೆಗಳಂತೆ ಕಂಡವು. ನಾವು ಎರಡು ದಿನ ಓದಿ ತಯಾರಿಸಿಕೊಂಡಿದ್ದ ಭೂವಿಜ್ಞಾನವನ್ನು ಆ ಹಿರಿಯರು ನೂರು ಹೆಜ್ಜೆಯಲ್ಲಿ ತೋರಿಸಿಬಿಟ್ಟರು.

ಆ ಹಾಳೆಗಳ ಕಥೆ ಹೀಗಿದೆ. ಭೂಮಿಯ ಮೇಲೆ ಗಿಡಮರಗಳು ಹುಟ್ಟುವುದಕ್ಕೂ ಬಹಳ ಮೊದಲು ಈ ಪ್ರದೇಶ ಆಳವಿಲ್ಲದ ಸಮುದ್ರವಾಗಿತ್ತು. ಅದರ ತಳದಲ್ಲಿ ಮೊದಲು ಮರಳು ಮತ್ತು ಜೇಡಿ, ಅನಂತರ ಸುಣ್ಣದ ಕೆಸರು ಪದರಪದರವಾಗಿ ಕುಳಿತು ಕಲ್ಲಾಯಿತು. 1870ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಮತ್ತು ರಾಬರ್ಟ್ ಬ್ರೂಸ್ ಫೂಟ್ ಈ ಶಿಲೆಗಳನ್ನು ವಿವರಿಸಿದರು. ನದಿಯ ಹೆಸರಿನಿಂದ ಇವನ್ನು ‘ಭೀಮಾ’ ಶಿಲಾಸಮೂಹ ಎನ್ನುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲವೂ ಈ ಬಟ್ಟಲಿನೊಳಗೆ ಬರುತ್ತವೆ. ಗಡಿಯಾಚೆ ತೆಲಂಗಾಣದ ತಾಂಡೂರು ಕೂಡ.

ಸಮುದ್ರ ಹೋಯಿತು, ಕಲ್ಲು ಉಳಿಯಿತು. ಎಷ್ಟೋ ಕಾಲದ ನಂತರ, ಈಗ್ಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಪಶ್ಚಿಮದ ಕಡೆಯಿಂದ ಲಾವಾರಸ ಹರಿದುಬಂದು ದಖ್ಖನ್ ಪ್ರಸ್ಥಭೂಮಿಯನ್ನು ಮುಚ್ಚಿತು. ಚಿಂಚೋಳಿಯ ಗುಡ್ಡಗಳಲ್ಲಿ ಈಗಲೂ ಆ ಬಸಾಲ್ಟ್ ಕಲ್ಲು ಕಾಣಸಿಗುತ್ತದೆ. ಅದರ ನೆತ್ತಿಯ ಮೇಲೆ ಕೆಂಪು ಜಂಬಿಟ್ಟಿಗೆಯ ಟೊಪ್ಪಿಗೆ. ದಕ್ಷಿಣಕ್ಕೆ ಬರುತ್ತ ಸವೆತದಿಂದ ಬಸಾಲ್ಟ್ ಹೋಗಿ ಸುಣ್ಣಕಲ್ಲು ಬೆತ್ತಲಾಗಿದೆ. ಆದರೆ ಬಸಾಲ್ಟ್ ಕರಗಿ ಆದ ಕಪ್ಪು ಮಣ್ಣು ಮಾತ್ರ ಮಳೆನೀರಿನೊಡನೆ ಇಳಿದುಬಂದು ಸುಣ್ಣಕಲ್ಲಿನ ತಗ್ಗುಗಳಲ್ಲಿ ನಿಂತುಕೊಂಡಿತು. ಹೀಗೆ ಕೋಡ್ಲಾದಂಥ ಊರಿನ ಹೊಲವೊಂದರಲ್ಲಿ ಎರಡು ಯುಗಗಳು ಒಂದರ ಮೇಲೊಂದು ಕುಳಿತಿವೆ: ಅಡಿಯಲ್ಲಿ ಸಮುದ್ರ, ಮೇಲೆ ಜ್ವಾಲಾಮುಖಿ.

ಎರೆ ಮಣ್ಣಿನ ಗುಟ್ಟು ಅದರ ಜೇಡಿಯಲ್ಲಿದೆ. ಮಾಂಟ್‌ಮೊರಿಲೊನೈಟ್ ಎಂಬ ಈ ಖನಿಜದ ಪದರಗಳ ನಡುವೆ ನೀರು ಸೇರಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು ಬಿಡುವುದು ಇದರಿಂದಲೇ. ಮೇಲಿನ ಹುಡಿಮಣ್ಣು ಆ ಬಿರುಕಿನೊಳಗೆ ಬೀಳುತ್ತದೆ, ಮಳೆ ಬಂದಾಗ ಮಣ್ಣು ಉಬ್ಬಿ ಮಗುಚಿಕೊಳ್ಳುತ್ತದೆ. ನೇಗಿಲಿಲ್ಲದೆ ತನ್ನನ್ನು ತಾನೇ ಉಳುವ ಮಣ್ಣು! ಒಂದೂವರೆ ಮೀಟರ್ ಆಳದ ಎರೆಯಲ್ಲಿ ಬೆಳೆಗೆ ದಕ್ಕುವ ನೀರು 200 ಮಿಲಿಮೀಟರಿಗೂ ಮಿಕ್ಕಿ ಹಿಡಿಯುತ್ತದೆ. ಅಂದರೆ ಮಳೆ ನಿಂತು ತಿಂಗಳುಗಳಾದರೂ ಕೆಳಗೆ ಒಂದು ಕಣ್ಣಿಗೆ ಕಾಣದ ಕೆರೆ ಇರುತ್ತದೆ.

ಆ ಕೆರೆಯನ್ನು ಮುಟ್ಟಬಲ್ಲ ಬೆಳೆ ತೊಗರಿ. ಅದರ ತಾಯಿಬೇರು ಎರಡು ಮೀಟರಿನವರೆಗೂ ಇಳಿಯುತ್ತದೆ. ಮೃಗಶಿರ, ಆರಿದ್ರ ಮಳೆಗೆ ಬಿತ್ತಿದ ತೊಗರಿ ಹೂ ಬಿಡುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ, ಕಾಯಿ ತುಂಬುವುದು ಚಳಿಯಲ್ಲಿ. ಆಗ ಅದು ಬದುಕುವುದು ನೆಲದ ಉಳಿತಾಯದ ಮೇಲೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಪಠ್ಯದಲ್ಲಿ ಇಲ್ಲದ ಇನ್ನೊಂದು ಸಂಗತಿ ಇದೆ. ಕೆಂಪು ಮಣ್ಣಿನಲ್ಲಿ ರಂಜಕವು ಕಬ್ಬಿಣಕ್ಕೆ ಅಂಟಿಕೊಂಡು ಹೆಚ್ಚಿನ ಬೆಳೆಗಳಿಗೆ ದಕ್ಕುವುದಿಲ್ಲ. ತೊಗರಿಯ ಬೇರು ಪಿಸಿಡಿಕ್ ಆಮ್ಲವನ್ನು ಸ್ರವಿಸಿ, ಕಬ್ಬಿಣದ ಕೈ ಬಿಡಿಸಿ, ಆ ರಂಜಕವನ್ನು ಎತ್ತಿಕೊಳ್ಳುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಜಪಾನಿನ ವಿಜ್ಞಾನಿಗಳೂ ಸೇರಿ ನಡೆಸಿದ ಈ ಸಂಶೋಧನೆ 1990ರಲ್ಲಿ ಪ್ರಕಟವಾಯಿತು. ಚಿಂಚೋಳಿಯ ಕೆಂಪು ನೆಲದಲ್ಲೂ ಸೇಡಂನ ಕರಿ ನೆಲದಲ್ಲೂ ಒಂದೇ ಬೆಳೆ ನಿಲ್ಲುವುದು ಹೇಗೆಂಬುದಕ್ಕೆ ಇದರಲ್ಲಿ ಅರ್ಧ ಉತ್ತರವಿದೆ.

ಈಗ ವೂಜೋ ಇಳಿಜಾರನ್ನು ನೆನಪಿಸಿಕೊಳ್ಳಿ. ಕೋಡ್ಲಾದ ಮಡ್ಡಿಯ ಮೇಲೆ ಮಣ್ಣು ತೆಳು, ಬೇರಿಗೆ ಕಲ್ಲು ಬೇಗ ಸಿಗುತ್ತದೆ, ಹಿಂಗಾರು ಕೈಕೊಟ್ಟರೆ ಕಾಯಿ ಅರ್ಧ ತುಂಬಿ ಒಣಗುತ್ತದೆ. ತಗ್ಗಿನ ಆಳವಾದ ಎರೆಯಲ್ಲಿ ನೀರು ಧಾರಾಳ. ಆದರೆ ತೊಗರಿಗೆ ನಿಂತ ನೀರು ವಿಷ, ಜಡಿಮಳೆಯ ವರ್ಷ ಗಿಡ ನಿಂತಲ್ಲೇ ಕಂದುತ್ತದೆ. ಇವೆರಡರ ನಡುವೆ, ಮಧ್ಯಮ ಆಳದ ಕರಿಮಣ್ಣಿನಡಿಯಲ್ಲಿ ಸೀಳುಬಿಟ್ಟ ಸುಣ್ಣಕಲ್ಲು ಇರುವ ಹೊಲಗಳಿವೆ. ಅಲ್ಲಿ ಮಣ್ಣು ನೀರನ್ನು ಹಿಡಿದಿಡುತ್ತದೆ, ಹೆಚ್ಚಾದದ್ದನ್ನು ಕಲ್ಲು ತನ್ನ ಸೀಳುಗಳ ಮೂಲಕ ಹರಿಯಬಿಡುತ್ತದೆ. ಮೇಲೊಂದು ಬಿಗಿಮುಷ್ಟಿ, ಕೆಳಗೊಂದು ಸಡಿಲ ಕೈ. ನನ್ನ ತಿಳಿವಳಿಕೆಯ ಮಟ್ಟಿಗೆ ಈ ಸೀಮೆಯ ತೊಗರಿಯ ಹೆಸರಿನ ಮೂಲ ಇಲ್ಲಿದೆ.

ಆದರೆ ರುಚಿ? ಊರಿನಲ್ಲಿ ಕೇಳಿದರೆ, “ನಮ್ಮ ಭೂಮ್ಯಾಗ ಸುಣ್ಣ ಅದ, ಅದಕ್ಕ ಬ್ಯಾಳಿ ಲಗೂ ಬೇಯ್ತದ” ಎನ್ನುತ್ತಾರೆ. ಕಲಬುರಗಿಯ ಬೇಳೆ ಬೇಗ ಬೇಯುತ್ತದೆ, ರುಚಿ ಮತ್ತು ಪರಿಮಳ ಹೆಚ್ಚು, ಅದಕ್ಕೆ ಮಣ್ಣಿನ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಕಾರಣ ಎಂಬ ವಿವರಣೆ ವ್ಯಾಪಕವಾಗಿ ಕೇಳಿಬರುತ್ತದೆ. ವಿಜ್ಞಾನ ಓದಿದವನಾಗಿ ನಾನು ಇಲ್ಲಿ ಸ್ವಲ್ಪ ತಡೆಯಬೇಕಾಗುತ್ತದೆ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಎಂಬ ವಸ್ತು. ಬೇಯುವುದು ಎಂದರೆ ಆ ಅಂಟು ಬಿಡುವುದು. ಕ್ಯಾಲ್ಸಿಯಂ ಇದ್ದಾಗ ಪೆಕ್ಟಿನ್ ಇನ್ನಷ್ಟು ಗಟ್ಟಿಯಾಗುತ್ತದೆ! ಗಡಸು ನೀರಿನಲ್ಲಿ ಬೇಳೆ ಬೇಯದಿರುವುದು ಈ ಕಾರಣಕ್ಕೆ. ‘ನಿನ್ನ ಬೇಳೆ ಇಲ್ಲಿ ಬೇಯುವುದಿಲ್ಲ’ ಎಂಬ ಮಾತನ್ನು ಮೊದಲು ಆಡಿದವರು ಸವುಳು ಬಾವಿಯ ಪಕ್ಕದ ಮನೆಯವರಿರಬೇಕು. ಕಾಳಿನೊಳಗಿನ ಫೈಟೇಟ್ ಎಂಬ ರಂಜಕದ ಸಂಯುಕ್ತ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿದರೆ, ಪೊಟ್ಯಾಸಿಯಂ ಹೇರಳವಾಗಿದ್ದರೆ, ಅಂಟು ಬೇಗ ಬಿಡುತ್ತದೆ. ಅಂದಮೇಲೆ ಮಣ್ಣಿನ ಸುಣ್ಣ ನೇರವಾಗಿ ಕಾಳಿನೊಳಗೆ ಹೋಗಿ ಅದನ್ನು ಮೆತ್ತಗೆ ಮಾಡುತ್ತದೆ ಎನ್ನುವುದು ಸರಿಹೋಗದು. ಊರಿನವರ ಅನುಭವ ಸುಳ್ಳಲ್ಲ. ಅವರು ಹೇಳುವ ಕಾರಣವನ್ನು ಮಾತ್ರ ಪರೀಕ್ಷಿಸಬೇಕು. ದ್ರಾಕ್ಷಿಯ ವಿಷಯದಲ್ಲೂ ಇದೇ ಆಯಿತು. ಕಲ್ಲಿನ ರುಚಿ ವೈನಿನಲ್ಲಿ ಸಿಗುತ್ತದೆ ಎಂದು ರಸಿಕರು ಹೇಳುತ್ತಾರೆ. ಕಲ್ಲಿನ ಖನಿಜಗಳಿಗೆ ಅಂಥ ರುಚಿಯಿಲ್ಲ, ಅವು ಬೇರಿನ ಮೂಲಕ ಹಾಗೆಯೇ ಹಣ್ಣಿಗೆ ಏರುವುದೂ ಇಲ್ಲ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ನೆಲ ಕೆಲಸ ಮಾಡುವುದು ಮುಖ್ಯವಾಗಿ ನೀರಿನ ಮೂಲಕ: ಎಷ್ಟು, ಯಾವಾಗ, ಎಷ್ಟು ಆಳದಿಂದ.

ಸುಣ್ಣದ ನೆಲ ಎಲ್ಲ ಬೆಳೆಗೂ ವರವಲ್ಲ ಎಂಬುದಕ್ಕೆ ಒಂದು ಒಳ್ಳೆಯ ಕಥೆ ಇದೆ. 1860ರ ದಶಕದಲ್ಲಿ ಫಿಲೊಕ್ಸೆರಾ ಎಂಬ ಹೇನು ಅಮೆರಿಕದಿಂದ ಬಂದು ಫ್ರಾನ್ಸಿನ ದ್ರಾಕ್ಷಿಯ ಬೇರುಗಳನ್ನು ತಿನ್ನತೊಡಗಿತು. ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟುವುದೊಂದೇ ಉಪಾಯವಾಗಿ ಉಳಿಯಿತು. ಆದರೆ ಸುಣ್ಣದ ನೆಲದಲ್ಲಿ ಆ ಅಮೆರಿಕನ್ ಬೇರುಗಳಿಗೆ ಕಬ್ಬಿಣ ದಕ್ಕದೆ ಎಲೆಗಳು ಹಳದಿಯಾದವು. 1887ರಲ್ಲಿ ಪಿಯರ್ ವಿಯಾಲಾ ಎಂಬ ವಿಜ್ಞಾನಿಯನ್ನು ಫ್ರಾನ್ಸ್ ಸರ್ಕಾರ ಅಮೆರಿಕಕ್ಕೆ ಕಳಿಸಿತು. ಟೆಕ್ಸಾಸಿನ ಮನ್ಸನ್ ಎಂಬ ತೋಟಗಾರಿಕೆ ತಜ್ಞ ಅವನಿಗೆ ಸುಣ್ಣಕಲ್ಲಿನ ಬೆಟ್ಟಗಳಲ್ಲೇ ಬೆಳೆಯುವ ಕಾಡುದ್ರಾಕ್ಷಿಯನ್ನು ತೋರಿಸಿಕೊಟ್ಟ. ಅದೇ ಟೆಕ್ಸಾಸಿನ ‘ಡಾಗ್‌ರಿಡ್ಜ್’ ಎಂಬ ಬೇರುಕಾಂಡದ ಮೇಲೆ ಇಂದು ನಮ್ಮ ವಿಜಯಪುರದ ರೈತರು ದ್ರಾಕ್ಷಿ ಕಸಿ ಕಟ್ಟುತ್ತಾರೆ. ಅಲ್ಲಿಯ ಸವುಳು, ಬರ ಎರಡನ್ನೂ ಅದು ತಾಳುತ್ತದೆ. ನೀವು ಪಾಯಸಕ್ಕೆ ಹಾಕುವ ಒಣದ್ರಾಕ್ಷಿಯ ಕೆಳಗೆ ಟೆಕ್ಸಾಸಿನ ಬೇರು ಇರಬಹುದು.

ತೊಗರಿಗೆ ಅಂಥ ಕಸಿಯ ಅಗತ್ಯವಿಲ್ಲ, ಅದು ಇಲ್ಲಿಯದೇ. ಅದರ ಕಾಡು ಬಂಧುಗಳು ಒಡಿಶಾ, ಬಸ್ತರ್ ಕಡೆ ಇವೆ. ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಮಾರು 3400 ವರ್ಷಗಳ ಹಿಂದಿನ ತೊಗರಿಯ ಸುಟ್ಟ ಕಾಳುಗಳು ದೊರೆತಿವೆ. ಅದರ ಶತ್ರುವೂ ಮಣ್ಣಿನಲ್ಲೇ ಇದೆ. ನೆಟೆ ರೋಗದ ಶಿಲೀಂಧ್ರ ವರ್ಷಗಟ್ಟಲೆ ಹೊಲದಲ್ಲಿ ಅಡಗಿರುತ್ತದೆ. 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿ ಈ ರೋಗವನ್ನು ತಡೆದದ್ದರಿಂದ ಈ ಸೀಮೆಯಲ್ಲಿ ಮನೆಮಾತಾಯಿತು. ಆದರೂ 2022ರಲ್ಲಿ ಜಿಲ್ಲೆಯ ಹೊಲಗಳಲ್ಲಿ ತೊಗರಿ ದೊಡ್ಡ ಪ್ರಮಾಣದಲ್ಲಿ ನೆಟೆಯಿಂದ ಒಣಗಿತು.

ಕಲ್ಲಿನ ಚರಿತ್ರೆಗೆ ಬರೋಣ, ಅದು ಇನ್ನೂ ಹಳೆಯದು. ಯಾದಗಿರಿ ಜಿಲ್ಲೆಯ ಹುಣಸಗಿಯ ಹತ್ತಿರ ಇಸಾಂಪುರ ಎಂಬಲ್ಲಿ ಪ್ರೊ. ಕೆ. ಪದ್ದಯ್ಯ ಅವರ ತಂಡ ಉತ್ಖನನ ನಡೆಸಿ, ಆದಿಮಾನವ ಇದೇ ಭೀಮಾ ಸುಣ್ಣಕಲ್ಲಿನ ಗಟ್ಟಿ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಗುರುತಿಸಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ. ಅಂದರೆ ಈ ಕಲ್ಲಿನ ಗಣಿಗಾರಿಕೆ ನಮ್ಮ ಮನುಷ್ಯಜಾತಿಗಿಂತಲೂ ಹಳೆಯದು! ಚಿತ್ತಾಪುರ ಸೀಮೆಯ ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪವನ್ನು ಇದೇ ಕಲ್ಲಿನಲ್ಲಿ ಕೆತ್ತಿದರು. 1990ರ ದಶಕದ ಉತ್ಖನನದಲ್ಲಿ ಅಲ್ಲಿ ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದ ಅವನ ಶಿಲ್ಪವೇ ಸಿಕ್ಕಿತು. ಅದಕ್ಕಿಂತ ಮೃದುವಾದ ಕಲ್ಲಾಗಿದ್ದರೆ ಅಕ್ಷರ ಉಳಿಯುತ್ತಿರಲಿಲ್ಲ, ಗ್ರಾನೈಟ್ ಆಗಿದ್ದರೆ ಅಷ್ಟು ಕೋಮಲವಾಗಿ ಕೆತ್ತಲು ಆಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ನಿಮಗೆ ಗೊತ್ತೇ ಇದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷನ ರಾಜಧಾನಿ, ‘ಕವಿರಾಜಮಾರ್ಗ’ ಹುಟ್ಟಿದ ಊರು. ಕಾಗಿಣಾ ನದಿಯ ದಂಡೆಯ ಕೋಟೆಯ ಗೋಡೆಗಳನ್ನು ನೋಡಿ, ಅದೇ ಪದರುಗಲ್ಲು. ಅಂಥ ರಾಜಧಾನಿಗೆ ಅನ್ನ, ಬೇಳೆ ಎಲ್ಲಿಂದ ಬರುತ್ತಿತ್ತು ಎಂದು ಪಠ್ಯಪುಸ್ತಕಗಳು ಕೇಳುವುದಿಲ್ಲ. ನೀವಾದರೂ ಕೇಳಿ. ಕೋಟೆಯ ಮೇಲೆ ನಿಂತು ನದಿಯಾಚೆ ಕಣ್ಣು ಹಾಯಿಸಿದರೆ ಕಾಣುವುದು ಎರೆಯ ಬಯಲು.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ಅದು ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾದುಹೋಗುತ್ತದೆ. ರೈಲು ಬಂದಮೇಲೆ ಈ ನೆಲದ ಎರಡೂ ಪದರಗಳು ಹೊರಗೆ ಹೊರಟವು: ಮೇಲಿನದು ಕಾಳಾಗಿ, ಕೆಳಗಿನದು ಫರಶಿಯಾಗಿ, ಆಮೇಲೆ ಸಿಮೆಂಟಾಗಿ. ಶಹಾಬಾದಿನಲ್ಲಿ, ವಾಡಿಯಲ್ಲಿ, ಮಳಖೇಡದಲ್ಲಿ, ಸೇಡಂನಲ್ಲಿ ಒಂದಾದ ಮೇಲೊಂದು ಸಿಮೆಂಟ್ ಕಾರ್ಖಾನೆಗಳು ಎದ್ದವು. ಕೋಡ್ಲಾ ಮತ್ತು ಬೆನಕನಹಳ್ಳಿಯ ಬಳಿಯೂ ದೊಡ್ಡ ಕಾರ್ಖಾನೆ ಇದೆ. ಸುಣ್ಣಕಲ್ಲು ಮತ್ತು ಜೇಡಿಯನ್ನು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಕ್ಲಿಂಕರ್ ಮಾಡುತ್ತಾರೆ. ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ನಿಮ್ಮ ಶಾಲೆಯ ಕಟ್ಟಡದಲ್ಲಿ, ಊರಿನ ಸೇತುವೆಯಲ್ಲಿ ಈ ನೆಲದ ಪಾಲು ಇರಬಹುದು. ಆದ್ದರಿಂದ ಕಾರ್ಖಾನೆ ಕೆಟ್ಟದ್ದು, ಹೊಲ ಒಳ್ಳೆಯದು ಎಂದು ತೀರ್ಪು ಕೊಡುವುದು ಸುಲಭವಲ್ಲ. ಗುಳೆ ಹೋಗುವ ಕುಟುಂಬಗಳ ಸೀಮೆಯಲ್ಲಿ ತಿಂಗಳ ಸಂಬಳ ಎಂದರೆ ಏನೆಂಬುದು ಅಲ್ಲಿಯವರಿಗೇ ಗೊತ್ತು.

ಆದರೆ ಲೆಕ್ಕ ಮಾತ್ರ ಸರಿಯಾಗಿ ಮಾಡಬೇಕು. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2022ರಲ್ಲಿ ಪಕ್ಕದ ತಾಂಡೂರಿನ ತೊಗರಿಗೂ ಸಿಕ್ಕಿತು. ಒಂದೇ ಕಲ್ಲಿನ ಬಟ್ಟಲು, ಒಂದೇ ಕಾಗಿಣಾ ನದಿ, ನಡುವೆ ರಾಜ್ಯದ ಗೆರೆ. ಹಾಗಾಗಿ ಎರಡು ಹೆಸರು. ಈ ಮಾನ್ಯತೆಯ ಅರ್ಥವೇನು? ಇದನ್ನು ಈ ನೆಲದಲ್ಲಲ್ಲದೆ ಬೇರೆಡೆ ಬೆಳೆದು ಈ ಹೆಸರಿನಿಂದ ಮಾರುವಂತಿಲ್ಲ ಎಂದು. ಕಾನೂನು ನೆಲವನ್ನೇ ಬೆಳೆಯ ಭಾಗವೆಂದು ಒಪ್ಪಿದೆ. ಗಣಿ ನಿಯಮಗಳೂ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು, ಗಣಿ ಮುಗಿದ ಜಾಗದಲ್ಲಿ ಮರಳಿ ಬಳಸಬೇಕೆಂದು ಹೇಳುತ್ತವೆ. ಮಣ್ಣನ್ನು ಮರಳಿ ಹರಡಬಹುದು. ಅದರಡಿಯ ಸೀಳುಗಲ್ಲು, ಅದರ ಮೂಲಕ ಇಳಿಯುತ್ತಿದ್ದ ನೀರು, ಇವುಗಳನ್ನು ಲಾರಿಯಲ್ಲಿ ತಂದು ಹಾಕಲು ಬರುವುದಿಲ್ಲ. ನಾನು ಮೇಲೆ ಹೇಳಿದ್ದು ಸರಿಯಾಗಿದ್ದರೆ, ತೊಗರಿಯ ಗುಣ ಇರುವುದು ಕರಿಮಣ್ಣಿನಲ್ಲಿ ಮಾತ್ರವಲ್ಲ, ಕರಿಮಣ್ಣು ಮತ್ತು ಸುಣ್ಣಕಲ್ಲು ಕೂಡುವ ಜಾಗದಲ್ಲಿ. ಕಾರ್ಖಾನೆಗೆ ಬೇಕಾದದ್ದೂ ಅದೇ ಕಲ್ಲು. ಬರ್ಗಂಡಿಯ ಗೋಡೆಯೊಳಗಿನ ಕಲ್ಲನ್ನು ಇನ್ನೂ ಯಾರೂ ಸಿಮೆಂಟಿಗೆ ಕೇಳಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಾರದು. ಕೋಡ್ಲಾದ ಇಳಿಜಾರಿಗೆ ಆ ಭಾಗ್ಯವಿಲ್ಲ. ಯಾವ ಹೊಲದ ಕಾಳು ಉಳಿದದ್ದಕ್ಕಿಂತ ಮೇಲು ಎಂದು ಪಟ್ಟಿಪಟ್ಟಿಯಾಗಿ ಬರೆದಿಟ್ಟ ಸನ್ಯಾಸಿಗಳು ಇಲ್ಲಿರಲಿಲ್ಲ. ದಾಲ್ ಮಿಲ್ಲಿನಲ್ಲಿ ಮಡ್ಡಿಯ ಕಾಳು, ಎರೆಯ ಕಾಳು, ಕೆಮ್ಮಣ್ಣಿನ ಕಾಳು ಎಲ್ಲ ಒಂದೇ ಚೀಲಕ್ಕೆ ಬೀಳುತ್ತವೆ.

ಆ ಪಟ್ಟಿಯನ್ನು ಬರೆಯುವ ಕೆಲಸ ಇನ್ನೂ ಬಾಕಿಯಿದೆ, ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ನಿಮ್ಮಲ್ಲಿ ಕಲಬುರಗಿ ಕಡೆಯವರಿದ್ದರೆ ಹೀಗೆ ಮಾಡಿ: ಮಡ್ಡಿಯ ಹೊಲದಿಂದ ಒಂದು, ತಗ್ಗಿನ ಎರೆಯಿಂದ ಒಂದು, ನಡುವಿನ ಹೊಲದಿಂದ ಒಂದು ಬೊಗಸೆ ಕಾಳು ತನ್ನಿ, ಮೂರೂ ಒಂದೇ ತಳಿಯದಾಗಿರಲಿ, ಒಂದೇ ವರ್ಷದ್ದಾಗಿರಲಿ. ಬೇಳೆ ಮಾಡಿ, ಮೂರು ಸಮನಾದ ಪಾತ್ರೆಗಳಲ್ಲಿ ಮೊದಲು ಊರಿನ ಬಾವಿಯ ನೀರಿನಲ್ಲಿ, ಆಮೇಲೆ ಹಿಡಿದಿಟ್ಟ ಮಳೆನೀರಿನಲ್ಲಿ ಬೇಯಿಸಿ. ಕುಕ್ಕರ್ ಬೇಡ, ತೆರೆದ ಪಾತ್ರೆಯೇ ಇರಲಿ. ಎರಡು ಬೆರಳ ನಡುವೆ ಹಿಸುಕಿದರೆ ನುಗ್ಗಾಗುವವರೆಗೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಳ್ಳಿ. ಹೊಲದ ಮಣ್ಣು ಎಷ್ಟು ಗೇಣು ಆಳ, ಅದರಡಿ ಏನು ಸಿಕ್ಕಿತು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಬೆಂದ ಬೇಳೆಯನ್ನು ಮನೆಯಲ್ಲಿ ಅಜ್ಜಿ ಇದ್ದರೆ ಅವರಿಗೆ ಕೊಟ್ಟು, ಯಾವ ಪಾತ್ರೆ ಯಾವುದೆಂದು ಹೇಳದೆ, ಯಾವುದು ರುಚಿ ಎಂದು ಕೇಳಿ.